ಟಿವಿ ಒಡೆದವನಿಗೆ ಮೂರೂವರೆ ವರ್ಷ, ಬಿಲ್ ಯಾರ ಹೆಸರಿಗೆ?

ಪ್ರಶ್ನೆ: ಮಡಿಕೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಎರಡು ವರ್ಷದಿಂದ ಮನೆಯಲ್ಲೇ ಆರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಎಲ್ಲರೂ ಎರಡರಿಂದ ನಾಲ್ಕು ವರ್ಷದವರು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು. ತಿಂಗಳಿಗೆ ತಲಾ 4,500 ರೂಪಾಯಿ. ಜೂನ್ ಕೊನೆಯಲ್ಲಿ ಮೂರೂವರೆ ವರ್ಷದ ಹುಡುಗ ಸ್ಟೀಲ್ ಲೋಟ ಎಸೆದು 43 ಇಂಚಿನ ಟಿವಿ ಒಡೆದ. ಮೂರು ವರ್ಷದ ಹಿಂದೆ 32,000ಕ್ಕೆ ತಂದದ್ದು. ಪ್ಯಾನೆಲ್ ಬದಲಿಸಲು 24,000 ಅಂದರು. ಹುಡುಗನ ಅಮ್ಮನಿಗೆ ಹೇಳಿದರೆ, 'ಆಗ ನೀವು ಎಲ್ಲಿದ್ರಿ?' ಅಂತ ಕೇಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಇನ್ನೊಬ್ಬಳು ವಾಶ್ ಬೇಸಿನ್ನಿಗೆ ಸ್ಪಂಜು ತುರುಕಿ ನಲ್ಲಿ ಬಿಟ್ಟು ಬಂದಿದ್ದಾಳೆ. ನೀರು ರೂಮಿಗೆ ಹರಿದು, ಓನರ್ ಬಿಟ್ಟುಹೋಗಿದ್ದ ಬೀಟೆ ಮರದ ಕಪಾಟಿನ ಬುಡ ಬೆಳ್ಳಗಾಗಿದೆ, ಹಿಂದಿನ ಹಲಗೆ ಉಬ್ಬಿದೆ. ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತೇನೆ ಅಂತ ಓನರ್ ಹೇಳುತ್ತಿದ್ದಾರೆ. ನಮ್ಮ ಮನೆಯವರು 'ಇದನ್ನೆಲ್ಲ ನಿಲ್ಲಿಸು' ಅಂತಾರೆ. ಮಕ್ಕಳ ತಂದೆ ತಾಯಿಯಿಂದ ಹಣ ಕೇಳಬಹುದಾ? ಆ ಹುಡುಗನನ್ನು ಬಿಡಿಸಿಬಿಡಲಾ?

ಉತ್ತರ: ಮೊದಲು ಕಪಾಟಿನ ವಿಷಯ. ಟಿವಿ ಆಗಲೇ ಹೋಗಿದೆ, ಇನ್ನು ಹೋಗುವುದಕ್ಕೇನಿಲ್ಲ. ಕಪಾಟು ಉಳಿಯುವುದು ಮಾತ್ರ ನೀವು ಈ ವಾರ ಏನು ಮಾಡುತ್ತೀರಿ ಎನ್ನುವುದರ ಮೇಲಿದೆ.

ಬೀಟೆ ಒಂದೆರಡು ಬಕೆಟ್ ನೀರಿಗೆ ಕೆಡುವ ಮರವಲ್ಲ. ಕೆಟ್ಟಿರುವುದು ಮೇಲಿನ ಪಾಲಿಶ್ ಮತ್ತು ಹಿಂದಕ್ಕೆ ಹೊಡೆದ ಪ್ಲೈವುಡ್. ಕಪಾಟನ್ನು ಖಾಲಿ ಮಾಡಿ ಗೋಡೆಯಿಂದ ಒಂದಡಿ ಈಚೆಗೆ ಎಳೆಯಿರಿ. ನಾಲ್ಕು ಕಾಲಿಗೂ ಹಂಚಿನ ಚೂರು ಕೊಟ್ಟು ಎತ್ತರಿಸಿ, ಬಾಗಿಲು ತೆರೆದಿಟ್ಟು, ದೂರದಿಂದ ಫ್ಯಾನ್ ಬಿಡಿ. ಒಲೆಯ ಪಕ್ಕವೋ ಹೀಟರಿನ ಮುಂದೆಯೋ ಇಡಬೇಡಿ, ಅವಸರದಲ್ಲಿ ಒಣಗಿದ ಮರ ಸೀಳು ಬಿಡುತ್ತದೆ. ಬಿಸಿಲಿಗೆ ಇಡಬೇಡಿ ಅಂತ ಮಡಿಕೇರಿಯವರಿಗೆ ಜುಲೈಯಲ್ಲಿ ಹೇಳಬೇಕಾಗಿಲ್ಲ. ಬೆಳ್ಳಗಾದದ್ದು ಪಾಲಿಶಿನೊಳಗೆ ಸೇರಿಕೊಂಡ ತೇವ. ಎಷ್ಟೋ ಸಲ ಮರ ಒಣಗಿದ ಮೇಲೆ ಅದು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಪಾಲಿಶ್ ಮಾಡುವವರಿಂದ ಬುಡದ ಒಂದಡಿಯಷ್ಟನ್ನು ಮಾಡಿಸಿದರೆ ಸಾಕು, ಇಡೀ ಕಪಾಟು ಬೇಡ. ಆದರೆ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಲು ಮಾತ್ರ ಹೋಗಬೇಡಿ. ಹಳೆಯ ಬೀಟೆ ಸಾಮಾನಿಗೆಲ್ಲ ಸಾಮಾನ್ಯವಾಗಿ ಇರುವುದು ಫ್ರೆಂಚ್ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಳಿದದ್ದು. ಸ್ಪಿರಿಟ್ ತಾಗಿದರೆ ಅದು ಮತ್ತೆ ಕರಗುತ್ತದೆ. ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಕೊರೊನಾ ಮುಗಿದು ಮಕ್ಕಳು ಮತ್ತೆ ಬರತೊಡಗಿದ ಹೊಸದರಲ್ಲಿ, ನಮ್ಮ ಮಾವನವರ ಬರೆಯುವ ಮೇಜಿನ ಮೇಲೆ ಒಬ್ಬಳು ಮಾರ್ಕರಿನಲ್ಲಿ ಗೀಚಿಟ್ಟಳು. ಕೈಗೆ ಸಿಕ್ಕ ಸ್ಯಾನಿಟೈಸರ್ ಹಾಕಿ ತಿಕ್ಕಿದೆ. ಮಾರ್ಕರ್ ಹೋಯಿತು, ಜೊತೆಗೆ ಪಾಲಿಶೂ ಹೋಯಿತು. ಅಂಗೈಯಗಲದ ಆ ಬೋಳು ಈಗಲೂ ಇದೆ, ಮೇಲೊಂದು ಹೂದಾನಿ ಇಟ್ಟಿದ್ದೇನೆ. ಮಾವನವರು ಬಂದಾಗ ಮೊದಲು ಹೂದಾನಿ ಎತ್ತಿ ನೋಡುತ್ತಾರೆ.

ಈ ಕಪಾಟಿನ ಖರ್ಚು ನಿಮ್ಮದೇ, ಹುಡುಗಿಯ ಮನೆಯವರದ್ದಲ್ಲ. ಬಾಡಿಗೆದಾರ ಮನೆಯನ್ನು, ಸಹಜ ಸವೆತ ಬಿಟ್ಟರೆ, ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು ಎನ್ನುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ. ಓನರ್ ರಿಪೇರಿ ಖರ್ಚು ಕೇಳಿದರೆ ಅದು ನ್ಯಾಯ. ಹೊಸ ಕಪಾಟಿನ ಬೆಲೆ ಕೇಳಿದರೆ ಮಾತ್ರ ಅಲ್ಲ. ಮಳೆ ನಿಂತ ಮೇಲೆ ಪಾಲಿಶ್ ಮಾಡಿಸಿ, ಹಿಂದಿನ ಹಲಗೆ ಬದಲಿಸಿ ಕೊಡುತ್ತೇನೆ ಅಂತ ನೀವೇ ಮುಂದಾಗಿ ಹೇಳಿ. ಈಗಲೇ ಮಾಡಿಸಿದರೆ ಈ ತೇವದಲ್ಲಿ ಪಾಲಿಶ್ ಮತ್ತೆ ಬೆಳ್ಳಗಾಗುತ್ತದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ: ಯಾವ ಉದ್ದೇಶಕ್ಕೆ ಮನೆ ಹಿಡಿದಿರೋ ಅದು ಬಿಟ್ಟು ಬೇರೆಯದಕ್ಕೆ ಬಳಸುವಂತಿಲ್ಲ. ನಿಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ 'ವಾಸಕ್ಕಾಗಿ' ಅಂತಷ್ಟೇ ಬರೆದಿದ್ದರೆ, ಆರು ಮಕ್ಕಳು ಬರುವುದು ಓನರಿಗೆ ಬಾಯಿಮಾತಿನಲ್ಲಿ ಗೊತ್ತಿದ್ದರೆ ಸಾಲದು. ಮುಂದಿನ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಿ. ಈಗ ಅವರ ಜೊತೆ ಜಗಳ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಟಿವಿ. 'ಆಗ ನೀವು ಎಲ್ಲಿದ್ರಿ?' ಅನ್ನುವ ಮಾತು ನಿಮಗೆ ಚುಚ್ಚಿದೆ, ಗೊತ್ತು. ಆರು ಮಕ್ಕಳಿಗೆ ಉಣಿಸಿ, ತೊಳೆಸಿ, ಮಲಗಿಸಿದವರಿಗೆ ಹಾಗೆ ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಕಾನೂನು ಕೇಳುವುದೂ ಅದನ್ನೇ. ನಮ್ಮ ದೇಶದಲ್ಲಿ ಮಗು ಮಾಡಿದ ನಷ್ಟವನ್ನು ಹೆತ್ತವರು, ಹೆತ್ತವರು ಅನ್ನುವ ಒಂದೇ ಕಾರಣಕ್ಕೆ ಕಟ್ಟಿಕೊಡಬೇಕಾಗಿಲ್ಲ. ಅವರದ್ದೇ ಅಜಾಗರೂಕತೆ ಇದ್ದರೆ ಮಾತು ಬೇರೆ. ಮಗುವಿನ ಕೈಗೆ ಕ್ಯಾಟರ್‌ಬಿಲ್ ಕೊಟ್ಟು ಕಳಿಸಿ, ಅದರಿಂದ ನಿಮ್ಮ ಕಿಟಕಿ ಗಾಜು ಹೋದರೆ ಕೇಳಬಹುದು. ಇಲ್ಲಿ ಲೋಟ ನಿಮ್ಮದು, ಟಿವಿ ಇಟ್ಟ ಜಾಗ ನಿಮ್ಮದು, ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದು, ಅದಕ್ಕೆ ನೀವು ಫೀಸು ಪಡೆಯುತ್ತೀರಿ. ಬರವಣಿಗೆಯಲ್ಲಿ ಮೊದಲೇ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ ಹಕ್ಕಿನಿಂದ ಕೇಳಲು ನಿಮಗೆ ನೆಲೆ ಇಲ್ಲ. ಗಟ್ಟಿಯಾಗಿ ಕೇಳಲು ಹೋದರೆ ಮಾತು ತಿರುಗಿಬೀಳುತ್ತದೆ. ಒಡೆದ ಗಾಜು ಮಗುವಿನ ಕಾಲಿಗೆ ಹೊಕ್ಕಿದ್ದರೆ ಏನು ಗತಿ ಅಂತ ಅವರು ಕೇಳಿದರೆ ನಿಮ್ಮಲ್ಲಿ ಉತ್ತರ ಇದೆಯಾ? ನಿಮ್ಮ ಸೇವೆಗೆ ಹಣ ಕೊಡುವ ಗ್ರಾಹಕರು ಅವರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸೇವಾ ಲೋಪ ಅನ್ನುವ ಪದ ಇರುವುದು ಅಂಥವರಿಗಾಗಿಯೇ.

ಪೊಲೀಸ್ ಕಂಪ್ಲೇಂಟ್ ಅಂತ ಯಾರಾದರೂ ತಲೆಗೆ ತುಂಬಿದರೆ ಅಲ್ಲೇ ಬಿಡಿ. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ, ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ. ಹಳೆಯ ಐಪಿಸಿಯಲ್ಲೂ ಹಾಗೆಯೇ ಇತ್ತು.

ಹಾಗಾದರೆ ಕೇಳಲೇಬಾರದಾ? ಕೇಳಬಹುದು. ಒಂದು ಸಲ, ಮರ್ಯಾದೆಯಿಂದ, ಲೆಕ್ಕ ಸಮೇತ. ಹಕ್ಕಿನ ಮಾತು ಎತ್ತದೆ, ಪಾಲು ಹಂಚಿಕೊಳ್ಳೋಣ ಅನ್ನುವ ಧಾಟಿಯಲ್ಲಿ. ಲೆಕ್ಕ ಹಿಡಿಯುವುದು ಹೊಸ ಟಿವಿಯ ಬೆಲೆಗಲ್ಲ. ನಾನು ಟಿವಿಗೆ ಎಂಟು ವರ್ಷ ಆಯುಸ್ಸು ಅಂತ ಹಿಡಿಯುತ್ತೇನೆ. 32,000ಕ್ಕೆ ವರ್ಷಕ್ಕೆ 4,000ದಂತೆ ಮೂರು ವರ್ಷದಲ್ಲಿ 12,000 ಸವೆದುಹೋಯಿತು, ಉಳಿದದ್ದು 20,000. ಅದರಲ್ಲಿ ಅರ್ಧ ನಿಮ್ಮದು, ಯಾಕೆಂದರೆ ಟಿವಿ ಮಕ್ಕಳ ಕೈಗೆಟುಕುವಲ್ಲಿತ್ತು. ಇನ್ನರ್ಧ, ಹತ್ತು ಸಾವಿರ, ಕೇಳಿ ನೋಡಬಹುದು. ಕೊಡದಿದ್ದರೆ ಅಲ್ಲಿಗೇ ಬಿಡಿ. ಎರಡನೇ ಸಲ ಕೇಳಿದಿರೋ, ಹಣವೂ ಬರುವುದಿಲ್ಲ, ಮಗುವೂ ಬರುವುದಿಲ್ಲ. ನಮ್ಮದು ಸಣ್ಣ ಊರು. ಶುಕ್ರವಾರದ ಸಂತೆಯಲ್ಲಿ ಅದೇ ತಾಯಿ ಎದುರಾಗುತ್ತಾರೆ, ಅವರ ಜೊತೆ ಅವರ ಅತ್ತಿಗೆಯೂ ಇರುತ್ತಾರೆ.

ಫೋನಿನಲ್ಲಿ ಬೇಡ, ಮಗುವನ್ನು ಕರೆದೊಯ್ಯಲು ಬಂದಾಗ ಬಾಗಿಲಲ್ಲಿ ನಿಂತು ಖಂಡಿತ ಬೇಡ. ಅವರಿಗೆ ಆಗ ಬಸ್ಸು ತಪ್ಪುವ ಚಿಂತೆ, ನಿಮಗೆ ಉಳಿದ ಐವರ ಚಿಂತೆ, ಮಗು ಇಬ್ಬರ ಮುಖವನ್ನೂ ನೋಡುತ್ತಿರುತ್ತದೆ. ಹೀಗೆ ಬರೆದು ಕಳಿಸಿ, ನಿಮ್ಮ ಮಾತಿಗೆ ಹೊಂದಿಸಿಕೊಂಡು. ಅಡುಗೆಮನೆ ಅನ್ನುವುದು ನನ್ನ ಊಹೆ, ನೀವು ಎಲ್ಲಿದ್ದಿರೋ ಅದನ್ನೇ ಬರೆಯಿರಿ:

'ನಮಸ್ತೆ. ಅವತ್ತು ಟಿವಿ ಒಡೆದಾಗ ನಾನು ಅಡುಗೆಮನೆಯಲ್ಲಿದ್ದೆ, ನೀವು ಕೇಳಿದ್ದು ಸರಿ. ಮಗುವಿಗೆ ಏನೂ ಆಗಲಿಲ್ಲ ಅನ್ನುವುದೇ ದೊಡ್ಡದು. ಟಿವಿಯನ್ನು ಆ ಕೋಣೆಯಿಂದ ತೆಗೆದಿದ್ದೇನೆ. ಉಳಿದ ಬೆಲೆ ಲೆಕ್ಕ ಹಾಕಿದರೆ 20,000 ಆಗುತ್ತದೆ. ಅರ್ಧ ನಾನು ಹೊರುತ್ತೇನೆ. ಇನ್ನರ್ಧದಲ್ಲಿ ನಿಮಗೆ ಆದಷ್ಟು, ಕಂತಿನಲ್ಲಾದರೂ, ಕೊಟ್ಟರೆ ಉಪಕಾರ. ಆಗದಿದ್ದರೂ ಮಗು ಎಂದಿನಂತೆ ಬರಲಿ, ಅವನ ಮೇಲೆ ಬೇಜಾರಿಲ್ಲ.'

'ನಾನು ಅಡುಗೆಮನೆಯಲ್ಲಿದ್ದೆ' ಅಂತ ಬರೆದುಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವಾ ಅಂತ ನಿಮ್ಮ ಮನೆಯವರು ಕೇಳಬಹುದು. ಆಗುತ್ತದೆ. ನಿಜವೂ ಅದೇ ತಾನೆ? ಅದನ್ನು ಮುಚ್ಚಿಟ್ಟು ಹತ್ತು ಸಾವಿರ ಕೇಳುವುದಕ್ಕಿಂತ, ಹೇಳಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಹಣ ಬಂದರೂ ಪ್ಯಾನೆಲ್ ಹಾಕಿಸಬೇಡಿ. 20,000 ಬೆಲೆ ಉಳಿದ ಟಿವಿಗೆ 24,000ದ ಪ್ಯಾನೆಲ್ ಹಾಕಿಸುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಆ ಹುಡುಗನನ್ನು ಬಿಡಿಸುವ ಮಾತು. ಎರಡು ಮೂರು ವರ್ಷದ ಮಕ್ಕಳು ಎಸೆಯುವುದು ಕೋಪಕ್ಕೆ ಮಾತ್ರವಲ್ಲ. ಬಿಟ್ಟರೆ ಏನಾಗುತ್ತದೆ, ಜೋರಾಗಿ ಬಿಟ್ಟರೆ ಏನಾಗುತ್ತದೆ, ಸದ್ದು ಎಲ್ಲಿಂದ ಬಂತು ಅನ್ನುವುದೆಲ್ಲ ಆ ವಯಸ್ಸಿನ ಓದು. ಸ್ಪಂಜು ತುರುಕಿದ ಹುಡುಗಿ ನೀರು ಏರುವುದನ್ನು ನೋಡುತ್ತಿದ್ದಳು, ಅವಳ ಕಣ್ಣಿಗೆ ಕಪಾಟು ಬಿದ್ದೇ ಇಲ್ಲ. ಎಸೆಯುವವನ ಕೈಗೆ ಬಟ್ಟೆಯ ಚೆಂಡು, ಒಂದು ಬುಟ್ಟಿ ಕೊಡಿ, ಎಸೆಯುವ ಜಾಗ ತೋರಿಸಿ. 'ಎಸೀಬೇಡ' ಅಂತ ದಿನಕ್ಕೆ ನಲವತ್ತು ಸಲ ಹೇಳುವುದಕ್ಕಿಂತ 'ಇಲ್ಲಿ ಎಸೆ' ಅಂತ ನಾಲ್ಕು ಸಲ ಹೇಳುವುದು ಸುಲಭ. ಉಳಿದ ಮಕ್ಕಳ ಎದುರಿಗೆ ಅವನನ್ನು 'ಟಿವಿ ಒಡೆದವನು' ಅಂತ ಕರೆಯಬೇಡಿ, ಬಂದವರಿಗೆ ಕಥೆಯಾಗಿ ಹೇಳಲೂಬೇಡಿ. ಅವನಿಗೆ ಕೇಳಿಸುತ್ತದೆ. ಕೇಳಿದ ಮೇಲೆ ಆ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುವವರನ್ನು ನಾನು ನೋಡಿದ್ದೇನೆ. ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಮಾತು ತಡವಾಗಿದ್ದರೆ, ದಿನವೂ ಕಚ್ಚಿ ಹೊಡೆದು ಮಾಡುತ್ತಿದ್ದರೆ ಅದು ಬೇರೆ ವಿಷಯ. ಆಗ ತಾಯಿಯೊಂದಿಗೆ ಮೆತ್ತಗೆ ಮಾತಾಡಿ, ಮೊದಲು ಕಿವಿ ತೋರಿಸಲು ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರದವರೇ ಪುಕ್ಕಟೆ ತಪಾಸಣೆ ಮಾಡುತ್ತಾರೆ. ಒಂದು ಲೋಟ ಎಸೆದದ್ದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಬಿಡಿಸಬೇಕಾಗಿಯೂ ಇಲ್ಲ.

ಈಗ ನೀವು ಕೇಳದೇ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಎರಡು ವರ್ಷ ಸುಮ್ಮನಿದ್ದ ಮನೆಯಲ್ಲಿ ಹದಿನೈದು ದಿನದೊಳಗೆ ಎರಡು ದೊಡ್ಡ ನಷ್ಟ ಆದದ್ದು ಯಾಕೆ? ಗಂಟೆ ಎಷ್ಟಾಗಿತ್ತು ಅಂತ ನೀವು ಬರೆದಿಲ್ಲ. ನಾನು ಊಹಿಸುತ್ತೇನೆ. ಮಧ್ಯಾಹ್ನ ಹನ್ನೆರಡು ದಾಟಿತ್ತು. ಮಕ್ಕಳಿಗೆ ಹಸಿವಾಗಿತ್ತು, ನೀವು ಅನ್ನಕ್ಕೆ ಇಟ್ಟಿದ್ದಿರಿ, ಟಿವಿಯಲ್ಲಿ ಕಾರ್ಟೂನ್ ಓಡುತ್ತಿತ್ತು, ಹೊರಗೆ ಮಳೆ ಸುರಿಯುತ್ತಿತ್ತು. ಜೂನ್‌ವರೆಗೆ ಅಂಗಳದಲ್ಲಿ ಓಡಿ ದಣಿಯುತ್ತಿದ್ದ ಆರು ಜನ ಮೂರು ವಾರದಿಂದ ಒಂದು ಹಾಲ್‌ನಲ್ಲಿದ್ದಾರೆ. ನಾನು ಇಪ್ಪತ್ತೆರಡು ವರ್ಷ ನನ್ನ ಮನೆಯಲ್ಲೇ ಮಕ್ಕಳನ್ನು ನೋಡಿಕೊಂಡವಳು. ಈಗ ಶಿಶುಪಾಲನೆ ಮಾಡುವವರಿಗೆ ತರಬೇತಿ ಕೊಡುತ್ತೇನೆ. ಅಷ್ಟು ವರ್ಷ ಬರೆದಿಟ್ಟ ಪುಸ್ತಕ ತಿರುವಿದರೆ ಒಡೆದದ್ದು, ಚೆಲ್ಲಿದ್ದು, ಹರಿದದ್ದರಲ್ಲಿ ಹೆಚ್ಚಿನವು ಎರಡೇ ಹೊತ್ತಿನವು: ಊಟಕ್ಕೆ ಮುಂಚಿನ ಅರ್ಧ ಗಂಟೆ, ಸಂಜೆ ಕರೆದೊಯ್ಯಲು ಬರುವ ಹೊತ್ತು. ತಿಂಗಳು ನೋಡಿದರೆ ಜೂನ್, ಜುಲೈ, ಆಗಸ್ಟ್.

ಅದಕ್ಕೇ ನಾನು ಮೊದಲು ಹೇಳುವುದು, ಮಳೆಗಾಲದ ಮೂರು ತಿಂಗಳಿಗಾದರೂ ಹನ್ನೊಂದೂವರೆಯಿಂದ ಒಂದೂವರೆವರೆಗೆ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಿ. ಎರಡು ಗಂಟೆಯ ಸಂಬಳ ಒಂದು ಟಿವಿಗಿಂತ ಅಗ್ಗ. ಅದಾಗದಿದ್ದರೆ ಅಡುಗೆಯನ್ನು ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಮುಗಿಸಿ ಹಾಟ್‌ಬಾಕ್ಸಿಗೆ ಹಾಕಿಡಿ. ಬಿಸಿ ಬಿಸಿ ಅಕ್ಕಿರೊಟ್ಟಿ ಮಾಡಿಕೊಡುವ ಆಸೆ ನನಗೂ ಇತ್ತು. ಕಾವಲಿಯ ಮುಂದೆ ನಿಂತು ಮಕ್ಕಳಿಗೆ ಬೆನ್ನು ತಿರುಗಿಸಿದ ಹತ್ತು ನಿಮಿಷದಲ್ಲಿ ನಮ್ಮ ಮನೆಯಲ್ಲಿ ಒಬ್ಬ ಬಟ್ಟೆಯ ಗೊಂಬೆಯನ್ನು ಕಮೋಡಿಗೆ ಇಳಿಸಿದ್ದ. ನಾನು ಬುದ್ಧಿವಂತೆ, ಮೇಲಿಂದ ಆಸಿಡ್ ಹೊಯ್ದೆ. ಬಟ್ಟೆ ಕರಗುತ್ತದೆಯೇ? ಮಳೆಗೆ ಗುಂಡಿ ಬೇರೆ ತುಂಬಿತ್ತು. ಪ್ಲಂಬರ್ ಬಂದದ್ದು ಮೂರನೇ ದಿನ, ಬಂದವರು ಕಮೋಡನ್ನೇ ಕಿತ್ತು ಗೊಂಬೆ ತೆಗೆದರು, ಆಸಿಡ್ ಹಾಕಿದ್ದಕ್ಕೆ ನನಗೆ ಬೈದರು. ಅವರ ಕೈ ಸುಡಬಹುದಿತ್ತು, ಬೈದದ್ದು ಸರಿ. ಆ ಮೂರು ದಿನ ಏಳು ಮಕ್ಕಳನ್ನು ಪಕ್ಕದ ಮನೆಯ ಟಾಯ್ಲೆಟ್ಟಿಗೆ ಕೊಡೆ ಹಿಡಿದು ಸಾಗಿಸಿದೆ. ಅಂದಿನಿಂದ ನಮ್ಮಲ್ಲಿ ರೊಟ್ಟಿ ಭಾನುವಾರ ಮಾತ್ರ.

ಮನೆಯನ್ನು ಎರಡು ಮಾಡಿ. ಕೊಡಗಿನ ದೊಡ್ಡ ತೋಟಗಳಲ್ಲಿ ಕೆಲಸದವರ ಮಕ್ಕಳಿಗೆ ಶಿಶುಪಾಲನೆಯ ಕೋಣೆ ಇರುವುದನ್ನು ನೋಡಿರುತ್ತೀರಿ. 1951ರ ತೋಟ ಕಾರ್ಮಿಕರ ಕಾಯ್ದೆ, ಐವತ್ತು ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಅದು ಇರಬೇಕೆಂದು ಹೇಳಿತ್ತು. ಅಂಥ ಒಂದು ಕೋಣೆಯಲ್ಲಿ ನಾನು ಕೆಲ ಕಾಲ ತರಬೇತಿ ಕೊಟ್ಟಿದ್ದೆ. ಚಾಪೆ, ಬಟ್ಟೆಯ ತೊಟ್ಟಿಲು, ಸ್ಟೀಲ್ ತಟ್ಟೆ, ಗೋಡೆಯಲ್ಲಿ ಎತ್ತರಕ್ಕೆ ಒಂದು ಶೆಲ್ಫು, ಅಷ್ಟೇ. ಮಕ್ಕಳು ಅಲ್ಲೂ ಎಸೆಯುತ್ತಿದ್ದರು, ಚೆಲ್ಲುತ್ತಿದ್ದರು, ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ನಷ್ಟದ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ, ಒಡೆಯಲು ಅಲ್ಲಿ ಏನೂ ಇರಲಿಲ್ಲ. ನಾವು ಮನೆಯಲ್ಲಿ ಮಾಡುವವರು ಹಾಲ್ ಅನ್ನು ಹಾಲ್ ಆಗಿಯೇ ಇಟ್ಟುಕೊಂಡು, ಶೋಕೇಸಿನಲ್ಲಿ ಮದುವೆಯ ಗಾಜಿನ ಸೆಟ್ಟನ್ನೂ ಇಟ್ಟುಕೊಂಡು, ಅದೇ ಕೋಣೆಗೆ ಆರು ಮಕ್ಕಳನ್ನು ಬಿಡುತ್ತೇವೆ. ದಿನವಿಡೀ 'ಮುಟ್ಟಬೇಡ' ಅಂದು ಸಂಜೆ ಗಂಟಲು ಕಟ್ಟಿಸಿಕೊಳ್ಳುತ್ತೇವೆ.

ನಿಮ್ಮಲ್ಲಿ ಎರಡು ರೂಮು ಇದ್ದರೆ ಒಂದನ್ನು ಪೂರ್ತಿ ಮಕ್ಕಳಿಗೆ ಕೊಡಿ, ಕಪಾಟಿರುವ ರೂಮಿಗೆ ಬೀಗ. ಹಾಲ್ ಬಿಟ್ಟರೆ ಜಾಗವೇ ಇಲ್ಲ ಅಂತಾದರೆ ಹಾಲಿನಲ್ಲಿ ನಿಮ್ಮ ಸೊಂಟದಿಂದ ಕೆಳಗೆ ಬೆಲೆ ಬಾಳುವುದು ಏನೂ ಇರಬಾರದು. ಟಿವಿ ಬೆಡ್‌ರೂಮಿನ ಗೋಡೆಗೆ ಹೋಗಲಿ. ಅದರಿಂದ ಇನ್ನೊಂದು ಲಾಭ: ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಟಿವಿ ಇಲ್ಲದ ಡೇಕೇರ್ ಅಂತ ಹೇಳಿಕೊಂಡರೆ ನಿಮ್ಮ ಬೆಲೆಯೂ ಏರುತ್ತದೆ. ವಾಶ್ ಬೇಸಿನ್ನಿನ ಅಡಿಯ ವಾಲ್ವನ್ನು ಅರ್ಧ ತಿರುಗಿಸಿಡಿ, ನೀರು ಸಣ್ಣಗೆ ಬಂದರೆ ಪ್ರವಾಹವಾಗಲು ಹೊತ್ತು ಹಿಡಿಯುತ್ತದೆ. ಕೈ ತೊಳೆಯುವ ಹೊತ್ತು ಬಿಟ್ಟರೆ ಪೂರ್ತಿ ಬಂದ್. ಬೇಸಿನ್ನಿಗೆ ಮಕ್ಕಳು ಜೋತು ಬೀಳುತ್ತಾರೆಯೇ ನೋಡಿ. ಗೋಡೆಯಿಂದ ಕಳಚಿ ಬಿದ್ದ ಪಿಂಗಾಣಿ ಕತ್ತಿಯಷ್ಟು ಹರಿತ. ಅದು ದುಡ್ಡಿನ ನಷ್ಟಕ್ಕೆ ಮುಗಿಯುವುದಿಲ್ಲ. ಇನ್ವರ್ಟರ್ ಬ್ಯಾಟರಿ ಹಾಲಿನ ಮೂಲೆಯಲ್ಲಿದ್ದರೆ ಇವತ್ತೇ ಜಾಗ ಬದಲಿಸಿ. ಗೋಡೆಯ ಗೀಚು ದೊಡ್ಡ ವಿಷಯವಲ್ಲ. ಎಮಲ್ಷನ್ ಬಳಿದ ಗೋಡೆಯಾದರೆ ಒದ್ದೆ ಬಟ್ಟೆಗೆ ಚೂರು ಅಡುಗೆ ಸೋಡ ಹಾಕಿ ಒರೆಸಿದರೆ ಕ್ರೇಯಾನ್ ಹೋಗುತ್ತದೆ, ಸುಣ್ಣದ ಗೋಡೆಯಾದರೆ ಮುಟ್ಟಬೇಡಿ, ಸುಣ್ಣವೇ ಕಿತ್ತು ಬರುತ್ತದೆ. ಎದೆಯೆತ್ತರಕ್ಕೆ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಬೆನ್ನು ಮೇಲೆ ಮಾಡಿ ಅಂಟಿಸಿಬಿಡಿ, ಬೇಕಾದಷ್ಟು ಗೀಚಲಿ. ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಹತ್ತಿರ ಬಂತಲ್ಲ, ಅದಕ್ಕೊಂದು ಮಾತು: ಆಗಸ್ಟ್ 3ರಂದು ನೇರಳೆ ಬಣ್ಣ ಬಿಡುವ ಮದ್ದು ಸೊಪ್ಪಿನ ಪಾಯಸ ಮಾಡಿ ಮಕ್ಕಳಿಗೆ ಕೊಡುವ ಮನಸ್ಸಾದರೆ ಬಚ್ಚಲಲ್ಲಿ ಕೂರಿಸಿ ಕೊಡಿ. ನಮ್ಮ ಸೋಫಾದ ಒಂದು ದಿಂಬು ಆರು ವರ್ಷದಿಂದ ನೇರಳೆ ಬಣ್ಣದಲ್ಲೇ ಇದೆ. ಮರುದಿನ ಮಗುವಿನ ಮೂತ್ರ ಕೆಂಪಗಾದರೆ ಹೆದರಬೇಡಿ ಅಂತ ಹೊರ ಊರಿನಿಂದ ಬಂದ ತಾಯಂದಿರಿಗೆ ಮೊದಲೇ ಹೇಳಿಡಿ. ಹೇಳದೆ ನಾನೊಬ್ಬರನ್ನು ಆಸ್ಪತ್ರೆಗೆ ಓಡಿಸಿದ್ದೇನೆ.

ನಿಮ್ಮ ಮನೆಯಲ್ಲಿ ಕೋವಿ ಇದೆಯಾ? ಮನೆಮನೆಗೆ ತರಬೇತಿಗೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ ಅದು, ಕೊಡಗು ಬಿಟ್ಟು ಬೇರೆ ಕಡೆ ಬಹುಶಃ ಯಾರೂ ಕೇಳಲಿಕ್ಕಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) ಕೋವಿಯ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೂ ಇದೆ. ವಿನಾಯಿತಿ ಇರುವುದು ಲೈಸೆನ್ಸಿಗೆ, ಎಚ್ಚರಕ್ಕಲ್ಲ. ಕೋವಿ ಒಂದು ಬೀಗದೊಳಗೆ, ತೋಟಾ ಇನ್ನೊಂದು ಬೀಗದೊಳಗೆ, ಎರಡೂ ಕೀ ಮಕ್ಕಳಿಗೆ ಕಾಣದಲ್ಲಿ. ಗೋಡೆಯ ಮೇಲೆ ಅಂದಕ್ಕೆ ತೂಗುಹಾಕಿದ ಒಡಿಕತ್ತಿ, ಪೀಚೆಕತ್ತಿಗೂ ಇದೇ ಮಾತು. ಇದಕ್ಕೆ ಒಪ್ಪದ ಮನೆಯಲ್ಲಿ ಡೇಕೇರ್ ಬೇಡ ಅಂತ ನಾನು ಎರಡು ಕಡೆ ಎದ್ದು ಬಂದಿದ್ದೇನೆ.

ಹಣದ ಏರ್ಪಾಡು ಹೇಳುತ್ತೇನೆ. ಆರು ಮಕ್ಕಳಿರುವಲ್ಲಿ ವರ್ಷಕ್ಕೆ ಏನಾದರೂ ಒಡೆದೇ ಒಡೆಯುತ್ತದೆ. ಹೋಟೆಲಿನವರು ಒಡೆದ ಗ್ಲಾಸಿಗೆಲ್ಲ ಗಿರಾಕಿಯ ಹತ್ತಿರ ಜಗಳಕ್ಕೆ ನಿಲ್ಲುತ್ತಾರಾ? ಕಾಫಿಯ ಬೆಲೆಯಲ್ಲೇ ಅದನ್ನು ಸೇರಿಸಿಟ್ಟಿರುತ್ತಾರೆ. ನೀವೂ ಫೀಸನ್ನು 4,650 ಮಾಡಿ. ಹೆಚ್ಚಾದ 150 ನಿಮ್ಮ ಸಂಪಾದನೆಯಲ್ಲ, ಬೇರೆ ಡಬ್ಬಿಗೆ, ಇಲ್ಲವೇ ಬೇರೆ ಖಾತೆಗೆ. ಆರು ಮಕ್ಕಳಿಂದ ತಿಂಗಳಿಗೆ 900, ವರ್ಷಕ್ಕೆ 10,800. ಕಪಾಟಿನ ಪಾಲಿಶ್, ಪ್ಲಂಬರ್, ಗಾಜು ಎಲ್ಲ ಅದರಿಂದ. ಇದರ ಮೇಲೆ ಸೇರುವಾಗ ತಲಾ 3,000 ಡೆಪಾಸಿಟ್, ಬಿಡುವಾಗ ವಾಪಸ್. ಈಗಿರುವವರಿಂದ ಡೆಪಾಸಿಟ್ ಕೇಳಬೇಡಿ, ಟಿವಿ ಒಡೆದ ಸಿಟ್ಟಿಗೆ ಕೇಳಿದಂತೆ ಕಾಣುತ್ತದೆ. ಹೊಸಬರಿಂದ ಶುರು ಮಾಡಿ.

ಸೇರುವಾಗ ಒಂದು ಪುಟದ ಕರಾರು ಬರೆಸಿಕೊಳ್ಳಿ, ತಂದೆ ತಾಯಿ ಇಬ್ಬರ ಸಹಿಯೂ ಇರಲಿ. ಸಣ್ಣಪುಟ್ಟದ್ದು ಡೇಕೇರಿನದು, 2,000 ರೂಪಾಯಿ ದಾಟಿದ ನಷ್ಟದಲ್ಲಿ ಸವೆತ ಕಳೆದು ಉಳಿದದ್ದರ ಅರ್ಧ ಮಗುವಿನ ಮನೆಯವರದು, ಗರಿಷ್ಠ ಡೆಪಾಸಿಟ್ಟಿನಷ್ಟು, ಮನೆಯಿಂದ ತಂದ ಆಟಿಕೆಗೆ ಡೇಕೇರ್ ಹೊಣೆಯಲ್ಲ: ಇಷ್ಟು ಸಾಕು. 'ಟಿವಿ ಒಡೆದರೆ 40,000 ದಂಡ' ಅಂತೆಲ್ಲ ಬರೆಯಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಎಷ್ಟೇ ದೊಡ್ಡ ಅಂಕಿ ಬರೆದಿದ್ದರೂ ಕೋರ್ಟು ಕೊಡಿಸುವುದು ಅದರ ಮಿತಿಯೊಳಗೆ ನ್ಯಾಯವಾದಷ್ಟನ್ನೇ. ದೊಡ್ಡ ಅಂಕಿ ತಾಯಂದಿರನ್ನು ಹೆದರಿಸಲು ಮಾತ್ರ ಉಪಯೋಗ. ಹೆದರಿದವರು ಬೇರೆ ಕಡೆ ಸೇರಿಸುತ್ತಾರೆ. ಜೊತೆಗೊಂದು ನೋಟ್ ಪುಸ್ತಕ ಇಡಿ: ದಿನ, ಗಂಟೆ, ಏನಾಯಿತು, ನೀವು ಎಲ್ಲಿದ್ದಿರಿ, ಒಂದು ಫೋಟೊ. ಮೊಣಕಾಲು ತರಚಿದ್ದೂ ಅದೇ ಪುಸ್ತಕದಲ್ಲಿ. ಅವತ್ತೇ ಸಂಜೆ ತೋರಿಸಿ. ಎರಡು ದಿನ ಬಿಟ್ಟು ಹೇಳಿದರೆ ದೂರಿನಂತೆ ಕೇಳಿಸುತ್ತದೆ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದ ಮೇಲೆ ನಮ್ಮ ಕಡೆಯವರು ಮನೆ ವಿಮೆಯ ವಿಷಯ ವಿಚಾರಿಸತೊಡಗಿದರು. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ, ಪ್ರವಾಹ, ಭೂಕುಸಿತ, ಪೈಪು ಅಥವಾ ಟ್ಯಾಂಕು ಒಡೆದು ಹರಿದ ನೀರು ಎಲ್ಲ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ಮಾಡಿಸಿದರೆ ಅದರ ಶೇಕಡ 20ರಷ್ಟು, 10 ಲಕ್ಷ ಮೀರದಂತೆ, ಮನೆ ಸಾಮಾನಿಗೂ ಸಿಗುತ್ತದೆ. ಆದರೆ ಅದು ವಾಸದ ಮನೆಗಾಗಿ ಬರೆದ ಪಾಲಿಸಿ. ಸಂಪಾದನೆಗೆ ಮಕ್ಕಳನ್ನು ನೋಡಿಕೊಳ್ಳುತ್ತಿರುವುದನ್ನು ಮುಚ್ಚಿಟ್ಟು ಮಾಡಿಸಿದರೆ ಕ್ಲೇಮಿನ ದಿನ ಅದೇ ಅಡ್ಡ ಬರುತ್ತದೆ. ಎಸೆದ ಲೋಟಕ್ಕೆ ಹೋದ ಟಿವಿಗೆ ಅದರಿಂದ ಹಣ ಬರುತ್ತದೆ ಅಂತ ಕಾಯಬೇಡಿ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಅದಕ್ಕಿಂತ ನಿಮಗೆ ಮುಖ್ಯ ಮಕ್ಕಳಿಗೆ ಪೆಟ್ಟಾದರೆ ನಿಮ್ಮ ಹೊಣೆಯನ್ನು ಹೊರುವ ಪಾಲಿಸಿ. ಪಬ್ಲಿಕ್ ಲಯಬಿಲಿಟಿ ಅಂತ ಹೆಸರು ಹೇಳಿ ಕೇಳಿ, 'ಮನೆಯಲ್ಲೇ ಡೇಕೇರ್' ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಟಿವಿ ಮತ್ತೆ ತರಬಹುದು.

ನಿಮ್ಮ ಮನೆಯವರು 'ನಿಲ್ಲಿಸು' ಅನ್ನುವುದು ದುಡ್ಡಿಗೆ ಇರಲಾರದು, ಅವರು ಸಂಜೆ ಬಂದು ನ್ಯೂಸ್ ನೋಡುತ್ತಿದ್ದ ಟಿವಿ ಹೋದದ್ದಕ್ಕೆ. ತಿಂಗಳಿಗೆ 27,000 ಬರುವ ಕೆಲಸವನ್ನು ಒಂದು ಟಿವಿಗಾಗಿ ಮುಚ್ಚುವುದಾ ಅಂತ ನಿಧಾನವಾಗಿ ಲೆಕ್ಕ ಮುಂದಿಡಿ. ಹೊಸದು ತಂದರೆ ಬೆಡ್‌ರೂಮಿಗೆ, ರಿಮೋಟ್ ಅವರ ಕೈಗೆ. ಹಾಲಿಗೂ ಅಡುಗೆಮನೆಗೂ ನಡುವೆ ಅರ್ಧ ಬಾಗಿಲು ಹಾಕಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿ, ನೀವು ಒಲೆಯ ಮುಂದಿದ್ದರೂ ಮಕ್ಕಳು ಕಣ್ಣಿಗೆ ಬೀಳುವಂತೆ ಎರಡೂವರೆ ಅಡಿ ಎತ್ತರ ಸಾಕು. ಚಿಲಕ ಮಾತ್ರ ನೆನಪಿಟ್ಟು ಅಡುಗೆಮನೆಯ ಬದಿಗೆ ಹಾಕಿಸಿ. ನಾನು ಹಾಲಿನ ಬದಿಗೆ ಹಾಕಿಸಿದ್ದೆ. ಎರಡು ವರ್ಷದವಳೊಬ್ಬಳು ಅದನ್ನು ಹಾಕಿ, ನನ್ನನ್ನು ಅಡುಗೆಮನೆಯಲ್ಲಿ ಕೂಡಿ, ಆಚೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು.